ಒಂಟಿ ಸಾರಥಿಯ ಎರಡು ಕಣ್ಣುಗಳು

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ಒಂದು ಕಲ್ಲಿನ ಕಂಬವಿದೆ. ಕದಂಬರ ಶಾಂತಿವರ್ಮನ ಕಾಲದಲ್ಲಿ, ಎಂದರೆ ಕ್ರಿಸ್ತಶಕ ಐದನೆಯ ಶತಮಾನದ ನಡುಭಾಗದಲ್ಲಿ, ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಶಾಸನವೊಂದು ಅದರ ಮೇಲಿದೆ. ಮಯೂರಶರ್ಮನೆಂಬ ತರುಣನು ತನ್ನ ಗುರುವಾದ ವೀರಶರ್ಮನೊಡನೆ ವಿದ್ಯಾರ್ಜನೆಗಾಗಿ ಕಂಚಿಗೆ ಹೋದುದು, ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಕಲಹವಾದುದು, ಅವಮಾನದಿಂದ ಕೆರಳಿದ ತರುಣನು ಓದನ್ನು ಬಿಟ್ಟು ಕತ್ತಿಯನ್ನು ಹಿಡಿದುದು, ಇವೆಲ್ಲವೂ ಆ ಶಾಸನದಿಂದಲೇ ನಮಗೆ ತಿಳಿದುಬಂದಿವೆ. ಚರಿತ್ರಕಾರರಿಗೆ ಇದು ಕದಂಬ ರಾಜ್ಯದ ಹುಟ್ಟಿನ ಕಥೆ. ದಾರಿಯಲ್ಲಿ ನಡೆದುಹೋದವನಿಗೂ ವಾಹನವೇರಿದವನಿಗೂ ಜಗಳ ಅಂದಿನಿಂದಲೂ ಇದ್ದದ್ದೇ ಎಂದು ಯಾರಾದರೂ ನಗೆಯಾಡಿದರೆ ಅದೂ ಪೂರ್ತಿ ಸುಳ್ಳಾಗದು.

ನನಗೆ ಇಲ್ಲಿ ಬೇಕಾದುದು ರಾಜ್ಯದ ಕಥೆಯಲ್ಲ, ಪ್ರಯಾಣದ ಕಥೆ. ತಾಳಗುಂದದಿಂದ ಕಂಚಿಗೆ ಇಂದಿನ ರಸ್ತೆಯ ಲೆಕ್ಕದಲ್ಲಿ ಸುಮಾರು ೬೦೦ ಕಿಲೋಮೀಟರುಗಳಾಗುತ್ತವೆ. ಗುರುಶಿಷ್ಯರು ದಿನಕ್ಕೆ ೨೫ ಕಿಲೋಮೀಟರಿನಂತೆ ನಡೆದಿದ್ದರೆಂದು ಊಹಿಸಿದರೂ ಅವರಿಗೆ ೨೪ ದಿನಗಳು ಬೇಕಾಗುತ್ತಿದ್ದವು. ಮಲೆನಾಡಿನ ಅಂಚು ಹಿಂದೆ ಬಿದ್ದು ಬಯಲುಸೀಮೆ ಎದುರಾಗುವುದನ್ನು, ಕೆಂಪು ನೆಲದಿಂದ ಬೋಳುಬಂಡೆಗಳು ಏಳುವುದನ್ನು, ಪ್ರಸ್ಥಭೂಮಿಯು ಮುಗಿದು ತೊಂಡೈನಾಡಿನ ತಗ್ಗಿನ ಬಯಲು ತೆರೆಯುವುದನ್ನು ಅವರು ಹೆಜ್ಜೆ ಹೆಜ್ಜೆಗೂ ಕಂಡಿರಲೇಬೇಕು. ಶಾಸನವು ಮಾತ್ರ ದಾರಿಯ ವಿಷಯದಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಅದು ರಾಜವಂಶದ ಪ್ರಶಸ್ತಿಯೇ ಹೊರತು ದಿನಚರಿಯಲ್ಲವಷ್ಟೆ.

ಇಂದು ಅದೇ ದೂರವನ್ನು ಮೋಟಾರು ಕಾರು ಹತ್ತು ಹನ್ನೆರಡು ಗಂಟೆಗಳಲ್ಲಿ ಮುಗಿಸುತ್ತದೆ. ನಮ್ಮ ತರುಣ ತರುಣಿಯರಲ್ಲಿ ಕೆಲವರು ಕಾರಿನಲ್ಲಿ ಒಬ್ಬರೇ ಕುಳಿತು ದಕ್ಷಿಣ ಭಾರತವನ್ನೆಲ್ಲ ಸುತ್ತಿ ಬರುವ ಹವ್ಯಾಸವನ್ನು ಬೆಳೆಸಿಕೊಂಡಿದ್ದಾರೆ. ಪರವಾನಗಿಯ ವಯಸ್ಸಾದ ಹದಿನೆಂಟನ್ನು ಇನ್ನೂ ಮುಟ್ಟದ ವಿದ್ಯಾರ್ಥಿಗಳು ಆ ಪ್ರಯಾಣಗಳ ಚಿತ್ರಗಳನ್ನು ದೂರವಾಣಿಯ ತೆರೆಯ ಮೇಲೆ ನೋಡಿ, ತಮ್ಮ ಸರದಿ ಎಂದು ಬಂದೀತೆಂದು ಕಾಯುತ್ತಿದ್ದಾರೆ. ಇದನ್ನು ಹಳಿಯುವವರ ಗುಂಪಿಗೆ ನಾನು ಸೇರಿದವನಲ್ಲ. ಸ್ವಂತ ನಾಡನ್ನು ಸ್ವಂತ ಕಣ್ಣಿನಿಂದ ನೋಡಬೇಕೆಂಬ ಹಂಬಲ ಒಳ್ಳೆಯದು. ಇಷ್ಟಬಂದಲ್ಲಿ ನಿಲ್ಲುವ ಸ್ವಾತಂತ್ರ್ಯ ಒಂಟಿ ಪ್ರಯಾಣಿಕನಿಗೆ ಇರುವಷ್ಟು ಬೇರೆ ಯಾರಿಗೂ ಇಲ್ಲ. ನನ್ನ ಆಕ್ಷೇಪಣೆ ಇರುವುದು ಅಳತೆಗೋಲಿನ ವಿಷಯದಲ್ಲಿ. ಒಂದೇ ದಿನದಲ್ಲಿ ಸಾವಿರ ಕಿಲೋಮೀಟರು, ಹದಿನಾರು ಗಂಟೆ ಎಡೆಬಿಡದ ಸಾರಥ್ಯ, ಇಂಥ ಅಂಕಿಗಳನ್ನೇ ಸಾಧನೆಯೆಂದು ಕೊಂಡಾಡುವುದು ನನ್ನ ಅಭಿಪ್ರಾಯದಲ್ಲಿ ಎರಡು ಬಗೆಯಿಂದ ತಪ್ಪು. ಅದರಿಂದ ಪ್ರಾಣಕ್ಕೆ ಅಪಾಯವುಂಟು. ಅಪಾಯದಿಂದ ಪಾರಾದವನಿಗೂ ನಾಡು ಕಾಣುವುದಿಲ್ಲ. ಈ ಎರಡಕ್ಕೂ ಮೂಲ ಒಂದೇ. ಒಂಟಿ ಸಾರಥಿಯು ಬಂಡಿಯನ್ನು ನಡೆಸುವವನೂ ಆಗಬೇಕು, ನೋಡುವವನೂ ಆಗಬೇಕು; ಇರುವುದು ಎರಡೇ ಕಣ್ಣು.

ಆ ಕಣ್ಣುಗಳ ಶಕ್ತಿ ಎಷ್ಟೆಂಬುದನ್ನು ಮೊದಲು ಪರಿಶೀಲಿಸೋಣ. ನಮ್ಮ ದೃಷ್ಟಿಪಟಲದಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣಬಲ್ಲ ಭಾಗವು ಬಹಳ ಚಿಕ್ಕದು. ಕೈಯನ್ನು ಮುಂದಕ್ಕೆ ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿದರೆ ಅದರ ಉಗುರು ಎಷ್ಟು ಜಾಗವನ್ನು ಮರೆಮಾಡುವುದೋ ಹೆಚ್ಚುಕಡಿಮೆ ಅಷ್ಟನ್ನು, ಎಂದರೆ ಸುಮಾರು ಎರಡು ಡಿಗ್ರಿಗಳಷ್ಟನ್ನು, ಮಾತ್ರ ಒಂದು ಸಲಕ್ಕೆ ಚೆನ್ನಾಗಿ ಕಾಣಬಲ್ಲೆವು. ಉಳಿದುದೆಲ್ಲ ಮಸುಕು. ಇನ್ನು ವೇಗದ ಲೆಕ್ಕ. ಗಂಟೆಗೆ ೪ ಕಿಲೋಮೀಟರು ನಡೆಯುವವನಿಗೆ ದಾರಿಯಿಂದ ಹತ್ತು ಮೀಟರು ದೂರದಲ್ಲಿರುವ ಮರವು ಪಕ್ಕಕ್ಕೆ ಬಂದಾಗ ಸೆಕೆಂಡಿಗೆ ಸುಮಾರು ೬ ಡಿಗ್ರಿಗಳಷ್ಟು ಸರಿಯುತ್ತದೆ. ಕಣ್ಣು ಅದನ್ನು ಸಲೀಸಾಗಿ ಹಿಂಬಾಲಿಸುತ್ತದೆ. ಗಂಟೆಗೆ ೮೦ ಕಿಲೋಮೀಟರು ಹೋಗುವವನಿಗೆ ಅದೇ ಮರವು ಸೆಕೆಂಡಿಗೆ ಸುಮಾರು ೧೨೭ ಡಿಗ್ರಿಗಳಂತೆ ಜಾರಿಹೋಗುತ್ತದೆ. ಸೆಕೆಂಡಿಗೆ ನೂರು ಡಿಗ್ರಿ ಮೀರಿದ ಚಲನೆಯನ್ನು ಮನುಷ್ಯನ ಕಣ್ಣು ಸ್ಥಿರವಾಗಿ ಹಿಂಬಾಲಿಸುವುದು ಕಷ್ಟ. ಆದಕಾರಣ ವೇಗವಾಗಿ ಹೋಗುವವನು ಪಕ್ಕದ ನಾಡನ್ನು ನೋಡಲಾರದೆ ದೂರದ ರಸ್ತೆಯ ಬಿಂದುವೊಂದರಲ್ಲಿ ದೃಷ್ಟಿಯನ್ನು ನೆಡುತ್ತಾನೆ. ಹಾಗೆ ನೆಡಲೇಬೇಕು, ಇಲ್ಲದಿದ್ದರೆ ಬದುಕಿ ಉಳಿಯಲಾರನು. ಎರಡು ಸೆಕೆಂಡು ದೂರವಾಣಿಯ ಭೂಪಟದ ಕಡೆಗೆ ಕಣ್ಣು ಹೊರಳಿಸಿದರೆ ಅಷ್ಟರಲ್ಲಿ ಕಾರು ೪೪ ಮೀಟರು ಮುಂದೆ ಹೋಗಿರುತ್ತದೆ, ಕುರುಡಾಗಿ.

ಎದುರಿಗೆ ಏನಾದರೂ ಕಂಡಿತೆಂದು ಇಟ್ಟುಕೊಳ್ಳಿ. ಕಂಡುದು ಮನಸ್ಸಿಗೆ ತಿಳಿದು ಕಾಲು ಬ್ರೇಕಿನ ಮೇಲೆ ಬೀಳಲು ಸಾಮಾನ್ಯವಾಗಿ ಒಂದೂವರೆ ಸೆಕೆಂಡು ಬೇಕು. ೮೦ರ ವೇಗದಲ್ಲಿ ಅಷ್ಟು ಹೊತ್ತಿಗೆ ೩೩ ಮೀಟರು ಕಳೆಯಿತು, ಆಮೇಲೆ ಒಣಗಿದ ಡಾಂಬರಿನ ಮೇಲೆ ಕಾರು ನಿಲ್ಲಲು ಇನ್ನೊಂದು ೩೫ ಮೀಟರು, ಒಟ್ಟು ೬೮. ೪೦ರ ವೇಗದಲ್ಲಿ ಹೋಗುತ್ತಿದ್ದರೆ ಒಟ್ಟು ೨೬ ಮೀಟರುಗಳೊಳಗೆ ನಿಲ್ಲಬಹುದಾಗಿತ್ತು. ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟಾಗುವುದೆಂಬ ಪಾಠ ಹೈಸ್ಕೂಲಿನ ಪುಸ್ತಕದಲ್ಲಿಯೇ ಇದೆ. ಶಿಕಾರಿಪುರದ ಸುತ್ತಿನ ರಸ್ತೆಗಳಲ್ಲಿ ಆ ಪಾಠದ ಉದಾಹರಣೆಗಳು ಕೊಯ್ಲಿನ ಕಾಲದಲ್ಲಿ ಹಾಸಿಕೊಂಡು ಬಿದ್ದಿರುತ್ತವೆ. ರೈತರು ಮೆಕ್ಕೆಜೋಳವನ್ನು ಒಣಗಿಸಲು ಡಾಂಬರು ರಸ್ತೆಯ ಅರ್ಧದಷ್ಟಕ್ಕೆ ಹರಡಿ, ಅಂಚಿಗೆ ಕಲ್ಲುಗಳನ್ನು ಇಟ್ಟಿರುತ್ತಾರೆ. ಗುಂಡಗಿನ ಒಣಕಾಳಿನ ಮೇಲೆ ಬ್ರೇಕು ಹಾಕಿದ ಚಕ್ರವು ಉರುಳುಗುಂಡುಗಳ ಮೇಲೆ ನಿಂತಂತೆ ಜಾರುತ್ತದೆ. ಕತ್ತಲಾದ ಮೇಲೆ ಹಿಂದೀಪವಿಲ್ಲದ ಟ್ರ್ಯಾಕ್ಟರು ಗಾಡಿಗಳು ಬೇರೆ. ಕಾಳನ್ನು ಹರಡಿದವರನ್ನು ಬಯ್ಯುವುದು ಸುಲಭ. ಕಣ ಎಲ್ಲಿದೆ ಎಂದು ಅವರು ಕೇಳಿದರೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ. ೨೦೨೨ರಲ್ಲಿ ಭಾರತದ ರಸ್ತೆಗಳಲ್ಲಿ ೧,೬೮,೪೯೧ ಮಂದಿ ಸತ್ತರೆಂದೂ, ಆ ಸಾವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚಿನವಕ್ಕೆ ಅತಿವೇಗವು ಕಾರಣವೆಂದೂ ಕೇಂದ್ರ ಸರ್ಕಾರದ ವರದಿಯು ದಾಖಲಿಸಿತು.

ಕಣ್ಣು ತೆರೆದಿರುವಾಗಿನ ಮಾತು ಇಷ್ಟಾಯಿತು. ಕಣ್ಣು ಮುಚ್ಚುವ ಮಾತು ಇನ್ನೂ ಗಂಭೀರವಾದುದು. ಎಚ್ಚರವಾಗಿರುವಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸೀನ್ ಎಂಬ ಪದಾರ್ಥವು ಸಂಗ್ರಹವಾಗುತ್ತಾ ಹೋಗಿ ನಿದ್ರೆಯ ಒತ್ತಡವನ್ನು ಹೆಚ್ಚಿಸುತ್ತದೆ. ಇದಲ್ಲದೆ ದೇಹದ ಒಳಗಡಿಯಾರವೊಂದಿದೆ. ಬೆಳಗಿನ ಜಾವ ಎರಡರಿಂದ ಆರು ಗಂಟೆಯವರೆಗೂ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೂ ಅದು ಎಚ್ಚರವನ್ನು ಇಳಿಸುತ್ತದೆ. ಕಾಫಿಯಲ್ಲಿರುವ ಕೆಫೀನು ಅಡೆನೊಸೀನಿನ ಕೆಲಸಕ್ಕೆ ಅಡ್ಡಬರುವುದೇ ಹೊರತು ಅದನ್ನು ಕರಗಿಸುವುದಿಲ್ಲ. ಸಾಲ ಕೊಟ್ಟವನು ಬಂದಾಗ ಕದ ಹಾಕಿಕೊಂಡರೆ ಸಾಲ ತೀರೀತೆ? ಡಾಸನ್ ಮತ್ತು ರೀಡ್ ಎಂಬ ಇಬ್ಬರು ಸಂಶೋಧಕರು ಆಸ್ಟ್ರೇಲಿಯದಲ್ಲಿ ನಡೆಸಿ ೧೯೯೭ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ತರುಣರು ಅವಶ್ಯವಾಗಿ ತಿಳಿದಿರಬೇಕು. ಹದಿನೇಳು ಗಂಟೆ ಎಡೆಬಿಡದೆ ಎಚ್ಚರವಾಗಿದ್ದವನ ಕೈಗಣ್ಣುಗಳ ಹೊಂದಿಕೆಯು, ೧೦೦ ಮಿಲಿಲೀಟರು ರಕ್ತದಲ್ಲಿ ೫೦ ಮಿಲಿಗ್ರಾಂ ಮದ್ಯಸಾರವಿರುವವನ ಹೊಂದಿಕೆಯ ಮಟ್ಟಕ್ಕೆ ಇಳಿದಿತ್ತು. ನಮ್ಮ ದೇಶದ ಕಾನೂನು ಸಾರಥಿಗೆ ಇಟ್ಟಿರುವ ಮಿತಿ ೩೦ ಮಿಲಿಗ್ರಾಂ! ಬೆಳಗ್ಗೆ ನಾಲ್ಕಕ್ಕೆ ಎದ್ದು ಹೊರಟು ರಾತ್ರಿ ಒಂಬತ್ತಕ್ಕೂ ಚಕ್ರ ಹಿಡಿದಿರುವವನು ಹನಿ ಮದ್ಯವನ್ನೂ ಮುಟ್ಟದೆ ಕುಡುಕನ ಸ್ಥಿತಿಗೆ ಬಂದಿರುತ್ತಾನೆ. ಅವನ ಉಸಿರನ್ನು ಪರೀಕ್ಷಿಸಿ ಹಿಡಿಯುವ ಉಪಕರಣವಿಲ್ಲ. ಪಕ್ಕದ ಪೀಠದಲ್ಲಿ ಕುಳಿತು, ಏನಯ್ಯಾ ತೂಕಡಿಸುತ್ತೀಯೆ, ಎಂದು ಕೇಳುವ ಜೊತೆಗಾರನೂ ಇಲ್ಲ.

ಕೂಲಿಗಾಗಿ ವಾಹನ ನಡೆಸುವವರಿಗೆ ಈ ವಿಷಯದಲ್ಲಿ ಸಮಾಜವು ಎಂದೋ ಒಂದು ಕಟ್ಟುಪಾಡು ಮಾಡಿದೆ. ೧೯೬೧ರ ಮೋಟಾರು ಸಾರಿಗೆ ಕೆಲಸಗಾರರ ಅಧಿನಿಯಮವು ದಿನಕ್ಕೆ ಎಂಟು ಗಂಟೆಗಳ ಮಿತಿಯನ್ನು ಹಾಕಿ, ಐದು ಗಂಟೆಗಳ ಕೆಲಸದ ಮಧ್ಯೆ ಕನಿಷ್ಠ ಅರ್ಧ ಗಂಟೆಯ ವಿಶ್ರಾಂತಿಯನ್ನು ವಿಧಿಸಿತು. ಎಂಟು ಗಂಟೆಯ ತತ್ತ್ವ ಮುಂದಿನ ಕಾರ್ಮಿಕ ಶಾಸನಗಳಲ್ಲಿಯೂ ಉಳಿದುಬಂದಿದೆ. ಅದು ಆಚರಣೆಯಲ್ಲಿ ಎಷ್ಟು ಉಳಿದಿದೆಯೆಂಬುದು ಬೇರೆ ಪ್ರಶ್ನೆ. ಸ್ವಂತ ಸಂತೋಷಕ್ಕಾಗಿ ಕಾರು ನಡೆಸುವವನಿಗೆ ಮಾತ್ರ ಇಂಥ ನಿಯಮವಿಲ್ಲ. ದಿನವಹಿ ಅಭ್ಯಾಸವಿರುವ ಬಸ್ಸಿನ ಚಾಲಕನಿಗೆ ಎಂಟು ಗಂಟೆ ಸಾಕೆಂದು ತಿಳಿದವರು, ವರ್ಷಕ್ಕೊಮ್ಮೆ ಹೆದ್ದಾರಿಗೆ ಇಳಿಯುವ ಕಾಲೇಜು ತರುಣನಿಗೆ ಹದಿನಾರು ಗಂಟೆಯಾದರೂ ಚಪ್ಪಾಳೆ ತಟ್ಟುತ್ತೇವೆ. ಇದು ವಿಚಿತ್ರವಲ್ಲವೆ? ಒಂಟಿ ಪ್ರಯಾಣಿಕನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಹೊತ್ತು ಚಕ್ರದ ಮುಂದೆ ಕೂರಬಾರದು, ಕತ್ತಲಲ್ಲಿ ಹೋಗಲೇಬಾರದು ಎಂಬ ನಿಯಮವನ್ನು ತನಗೆ ತಾನೇ ಹಾಕಿಕೊಳ್ಳಬೇಕೆಂಬುದು ನನ್ನ ಸೂಚನೆ.

ನೋಡುವುದೇ ಗುರಿಯಾದರೆ ಸರ್ಕಾರಿ ಬಸ್ಸಿನ ಕಿಟಕಿಯೇ ಮೇಲಲ್ಲವೆ ಎಂದು ಕೆಲವರು ಕೇಳಬಹುದು. ಅರ್ಧ ಒಪ್ಪುತ್ತೇನೆ. ಬಸ್ಸಿನಲ್ಲಿ ಕುಳಿತವನ ಎರಡು ಕಣ್ಣುಗಳೂ ಅವನವೇ, ಪಕ್ಕದಲ್ಲಿ ಕುಳಿತವರು ಊರಿನ ಸಮಾಚಾರವನ್ನೂ ಹೇಳುತ್ತಾರೆ. ಆದರೆ ರಸ್ತೆಗಾಗಿ ಕಡಿದ ಗುಡ್ಡದ ಹೊಟ್ಟೆಯಲ್ಲಿ ಬಣ್ಣಬಣ್ಣದ ಮಣ್ಣಿನ ಪದರ ಕಂಡಿತೆಂದು ನಿರ್ವಾಹಕನು ಸೀಟಿ ಊದುವುದಿಲ್ಲ. ಕಾರಿನ ನಿಜವಾದ ಲಾಭ ಅದರ ಓಟದಲ್ಲಿಲ್ಲ, ಅದರ ನಿಲುಗಡೆಯಲ್ಲಿದೆ.

ನಿಂತು ನೋಡಿದುದರಿಂದ ವಿಜ್ಞಾನಕ್ಕೆ ಏನು ದೊರೆಯಬಹುದೆಂಬುದಕ್ಕೆ ನಮ್ಮ ದಕ್ಷಿಣದ ದಾರಿಗಳಲ್ಲಿಯೇ ನಡೆದ ಒಂದು ನಿದರ್ಶನವಿದೆ. ಶ್ರೀರಂಗಪಟ್ಟಣದ ಪತನದ ಮರುವರ್ಷ, ೧೮೦೦ರ ಏಪ್ರಿಲಿನಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕನ್ನಡ ಜಿಲ್ಲೆ, ಸೋದೆ, ಇಕ್ಕೇರಿ ಸೀಮೆಗಳನ್ನು ಸುತ್ತಿದನು. ಪ್ರಯಾಣಕ್ಕೆ ಒಂದು ವರ್ಷಕ್ಕಿಂತಲೂ ಹೆಚ್ಚು ಹಿಡಿಯಿತು; ಅದರ ವೃತ್ತಾಂತವು ೧೮೦೭ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಆತನು ಬಂದುದು ಕಂಪನಿಯ ಆದಾಯದ ಹಿತಕ್ಕಾಗಿಯೇ. ಅದನ್ನು ನಾವು ಮರೆಯಬೇಕಾದುದಿಲ್ಲ. ಆದರೆ ಆತನು ದಿನದಿನದ ನೆಲ, ಬೆಳೆ, ಕಲ್ಲು, ಕಸಬುಗಳನ್ನು ಕೇಳಿ ತಿಳಿದು ಬರೆದಿಟ್ಟನು. ಮಲಬಾರಿನ ಅಂಗಾಡಿಪುರದಲ್ಲಿ ಜನರು ನೆಲದಿಂದ ಮೆತ್ತನೆಯ ಕಲ್ಲನ್ನು ಕಬ್ಬಿಣದ ಉಪಕರಣದಿಂದ ಇಟ್ಟಿಗೆಯಂತೆ ಕತ್ತರಿಸುವುದನ್ನೂ, ಗಾಳಿಗೆ ಬಿಟ್ಟಾಗ ಅದು ಗಟ್ಟಿಯಾಗುವುದನ್ನೂ ಆತನು ನಿಂತು ನೋಡಿದನು. ಇಟ್ಟಿಗೆಗೆ ಲ್ಯಾಟಿನ್ ಭಾಷೆಯಲ್ಲಿರುವ ಮಾತನ್ನು ತೆಗೆದುಕೊಂಡು ಆ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಇಂದು ಜಗತ್ತಿನ ಭೂವಿಜ್ಞಾನಿಗಳೆಲ್ಲರೂ ಬಳಸುವ ಹೆಸರು ಅದೇ. ನಮ್ಮ ಮಲೆನಾಡಿಗರು ಅದನ್ನೇ ಜಂಬಿಟ್ಟಿಗೆ ಎನ್ನುತ್ತಾರೆ. ಅವರ ಮಾತಿನಲ್ಲಿಯೂ ಇಟ್ಟಿಗೆ ಇದೆ ಎಂಬುದನ್ನು ವಾಚಕರು ಗಮನಿಸಬೇಕು.

ಇನ್ನು ಶಿಕಾರಿಪುರಕ್ಕೆ ಹಿಂದಿರುಗೋಣ. ಅಲ್ಲಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಸುಮಾರು ೪೦ ಕಿಲೋಮೀಟರು. ಓಡುವವನಿಗೆ ಇದು ಮುಕ್ಕಾಲು ಗಂಟೆಯ ದಾರಿ, ಜೋಗದ ಕಡೆಗೆ ಹೋಗುವಾಗ ಬೇಗ ಕಳೆಯಬೇಕಾದ ಬೇಸರದ ತುಂಡು. ನಿಂತು ನಿಂತು ಹೋಗುವವನಿಗೆ ಇದು ಬಯಲುಸೀಮೆಯು ಮಲೆನಾಡಾಗುವ ಸಂಧಿಸ್ಥಾನ. ಶಿಕಾರಿಪುರದ ಕಡೆ ಮೆಕ್ಕೆಜೋಳ, ಶುಂಠಿ ಮತ್ತು ಕೆರೆಗಳ ಕೆಳಗಿನ ಬತ್ತದ ಗದ್ದೆಗಳು. ಸೊರಬ ಸಮೀಪಿಸಿದಂತೆ ಕಣಿವೆಗಳಲ್ಲಿ ಅಡಕೆ ತೋಟಗಳು ಹೆಚ್ಚುತ್ತವೆ, ಅಲ್ಲಲ್ಲಿ ಅನಾನಸು ಕಾಣುತ್ತದೆ. ಹಳೆಯ ಮನೆಗಳ ಹೆಂಚಿನ ಮಾಡು ಪಶ್ಚಿಮಕ್ಕೆ ಹೋದಂತೆಲ್ಲ ಹೆಚ್ಚು ಇಳಿಜಾರಾಗುತ್ತದೆ. ಮಳೆಯ ಅಳತೆಯನ್ನು ಮಳೆಮಾಪಕವಿಲ್ಲದೆಯೇ ಮಾಡುಗಳಿಂದ ಓದಬಹುದು. ಮಣ್ಣೂ ಬದಲಾಗುತ್ತದೆ. ಬಿಸಿಲು ಮಳೆಗಳು ಲಕ್ಷಾಂತರ ವರ್ಷ ತೊಳೆದು, ಕರಗುವುದನ್ನೆಲ್ಲ ಒಯ್ದು, ಕಬ್ಬಿಣ ಅಲ್ಯೂಮಿನಿಯಮುಗಳ ಆಕ್ಸೈಡುಗಳನ್ನು ಮಾತ್ರ ಉಳಿಸಿದ ನೆಲವೇ ಜಂಬಿಟ್ಟಿಗೆ. ಶಿರಾಳಕೊಪ್ಪದ ಹತ್ತಿರದ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯವನ್ನು ನೋಡುವವರು ಶಿಲ್ಪವನ್ನು ಹೊಗಳಿ ಹೊರಟುಬಿಡುತ್ತಾರೆ. ಕಲ್ಲನ್ನೂ ಒಮ್ಮೆ ನೋಡಬೇಕು. ಅದು ಬಳಪದ ಕಲ್ಲು. ಉಳಿಗೆ ಮೆತ್ತಗೆ ಒಡ್ಡಿಕೊಳ್ಳುವ ಈ ಕಲ್ಲು ದೊರೆಯುವುದು ಧಾರವಾಡ ಶಿಲಾವರ್ಗವೆಂದು ಹೆಸರಾದ, ೨೫೦ ಕೋಟಿ ವರ್ಷಗಳಿಗೂ ಹಳೆಯದಾದ ಪಟ್ಟೆಗಳಲ್ಲಿ. ಬಂಡೆಯ ಜಾತಿ ಬೇರೆಯಾಗಿದ್ದರೆ ಚಾಲುಕ್ಯರ ಕಾಲದ ಆ ನಯಗೆಲಸ ಸಾಧ್ಯವಾಗುತ್ತಿತ್ತೆ ಎಂಬುದು ಕೇಳತಕ್ಕ ಪ್ರಶ್ನೆ.

ಕೆರೆಗಳ ವಿಷಯವನ್ನು ಹೇಳದಿದ್ದರೆ ಈ ಸೀಮೆಗೆ ಅನ್ಯಾಯವಾದೀತು. ಶಿಕಾರಿಪುರ ಸೊರಬಗಳಲ್ಲಿ ನೂರಾರು ಕೆರೆಗಳಿವೆ. ಮೇಲಿನದರ ಕೋಡಿಯ ನೀರು ಕೆಳಗಿನದಕ್ಕೆ ಬರುವಂತೆ ಹಲವನ್ನು ಸರಪಣಿಯಾಗಿ ಕಟ್ಟಲಾಗಿದೆ. ತಾಳಗುಂದದ ಶಾಸನವೂ ಮೂಲತಃ ಕೆರೆಯ ಶಾಸನವೇ. ಶಾಂತಿವರ್ಮನ ತಂದೆ ಕಾಕುಸ್ಥವರ್ಮನು ಶಿವಾಲಯದ ಬಳಿ ಕಟ್ಟಿಸಿದ ಕೆರೆಯನ್ನು ನೆನೆಯುವುದಕ್ಕಾಗಿ ಬರೆದ ಮಾತುಗಳಲ್ಲಿ ಮಯೂರಶರ್ಮನ ಪ್ರಯಾಣವು ಪೂರ್ವಕಥೆಯಾಗಿ ಬಂದಿದೆ. ಸೊರಬ ತಾಲ್ಲೂಕಿನ ಗುಡವಿಯ ಕೆರೆಯಾದರೋ ಮಳೆಗಾಲದಲ್ಲಿ ಬಿಳಿ ಕೆಂಬರಲು ಮೊದಲಾದ ನೀರುಹಕ್ಕಿಗಳ ಬಿಡಾರವಾಗಿ ಪಕ್ಷಿಧಾಮವೆನಿಸಿದೆ.

ಆದರೆ ಸೊರಬದ ನಿಜವಾದ ವಿಶೇಷವು ಕಾನು. ಸುತ್ತಲೂ ಎಲೆ ಉದುರುವ ಕಾಡೋ ಗದ್ದೆಯೋ ಇರುವಾಗ ನಡುವೆ ಇದ್ದಕ್ಕಿದ್ದಂತೆ ಬೇಸಗೆಯಲ್ಲಿಯೂ ಹಸುರಾಗಿ, ಒಳಗೆ ಹೊಕ್ಕರೆ ತಣ್ಣಗೆ ಕತ್ತಲಾಗಿ ನಿಲ್ಲುವ ತುಂಡುಗಾಡುಗಳಿಗೆ ಇಲ್ಲಿ ಕಾನು ಎಂದು ಹೆಸರು. ದೇವರ ಹೆಸರಿನಲ್ಲಿ ಊರವರು ಕಾಪಾಡಿಕೊಂಡು ಬಂದ ಕಾನುಗಳು ಅನೇಕ. ಅಲ್ಲಿ ಕಾಡುಮೆಣಸಿನ ಬಳ್ಳಿ ಹಬ್ಬುತ್ತದೆ, ಮಳೆನೀರು ಇಂಗಿ ಒರತೆಯಾಗಿ ಕೆಳಗಿನ ತೋಟಕ್ಕೆ ಇಳಿಯುತ್ತದೆ. ೧೮೬೮ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳ ಮೇಲೆಯೇ ಪ್ರತ್ಯೇಕವಾದ ವರದಿಯೊಂದನ್ನು ಬರೆದು ೧೭೧ ಕಾನುಗಳನ್ನು ಲೆಕ್ಕ ಹಾಕಿದರು. ಅನಂತರ ಎಷ್ಟೋ ಕಡೆ ಕಾನು ತೆಳ್ಳಗಾಗಿದೆ. ಜಿಲ್ಲೆಯ ಬಹಳ ಕಡೆ ಅಕೇಶಿಯದ ನೆಡುತೋಪುಗಳು ಎದ್ದಿವೆ. ೮೦ರ ವೇಗದಲ್ಲಿ ಹೋಗುವವನ ಕಣ್ಣಿಗೆ ಎರಡೂ ಒಂದೇ ಹಸುರು ಗೋಡೆ. ಊರಿಗೆ ಮರಳಿ, ಮಲೆನಾಡೆಲ್ಲ ಹಸುರಾಗಿದೆ, ಕಾಡಿಗೇನೂ ಆಗಿಲ್ಲ, ಎಂದು ಅವನು ಪ್ರಾಮಾಣಿಕವಾಗಿಯೇ ಹೇಳುತ್ತಾನೆ. ವೇಗದ ಕೇಡುಗಳಲ್ಲಿ ಇದನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ಕಾರನ್ನು ನಿಲ್ಲಿಸಿ ಹತ್ತು ನಿಮಿಷ ಮರಗಳ ಕೆಳಗೆ ನಡೆದವನಿಗೆ ಭೇದವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನೆಡುತೋಪಿನಲ್ಲಿ ಒಂದೇ ಮರ, ಒಂದೇ ವಯಸ್ಸು, ಕೆಳಗೆ ಒಣ ಎಲೆ. ಕಾನಿನಲ್ಲಿ ಎಣಿಸಲಾರದಷ್ಟು ಬಗೆ, ಕಾಲ ಕೆಳಗೆ ತೇವ.

ಬರಿಯ ಕಣ್ಣಿಗೆ ಕಾಣದ, ಆದರೆ ಭೂಪಟವನ್ನು ಮುಂದಿಟ್ಟು ಯೋಚಿಸಿದರೆ ಬೆರಗಾಗಿಸುವ ಸಂಗತಿಯೊಂದೂ ಈ ದಾರಿಯಲ್ಲಿದೆ. ಶಿಕಾರಿಪುರದ ಕುಮುದ್ವತಿಯು ತುಂಗಭದ್ರೆಗೆ ಸೇರುತ್ತದೆ. ಸೊರಬದ ದಂಡಾವತಿಯು ವರದೆಗೆ, ವರದೆಯು ತುಂಗಭದ್ರೆಗೆ, ತುಂಗಭದ್ರೆಯು ಕೃಷ್ಣೆಗೆ. ಸೊರಬದಿಂದ ಅರಬ್ಬೀ ಸಮುದ್ರವು ನೇರವಾಗಿ ಅಳೆದರೆ ಎಪ್ಪತ್ತೆಂಬತ್ತು ಕಿಲೋಮೀಟರಿಗಿಂತ ದೂರವಿಲ್ಲ. ಆದರೂ ಅಲ್ಲಿ ಬಿದ್ದ ಮಳೆಹನಿಯು ಆ ಸಮುದ್ರಕ್ಕೆ ಬೆನ್ನು ಮಾಡಿ, ಪರ್ಯಾಯದ್ವೀಪವನ್ನೆಲ್ಲ ಅಡ್ಡ ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನಮ್ಮ ಪರ್ಯಾಯದ್ವೀಪವು ಪಶ್ಚಿಮದ ಅಂಚಿನಲ್ಲಿ ಎತ್ತಿ ಪೂರ್ವಕ್ಕೆ ಓರೆಯಾಗಿ ಇಟ್ಟ ಹಲಗೆಯಂತಿರುವುದೇ ಇದಕ್ಕೆ ಕಾರಣ. ಕಂಚಿಯ ಬಳಿಯ ಪಾಲಾರು ನದಿಯೂ ಬಂಗಾಳ ಕೊಲ್ಲಿಗೇ ಸೇರುತ್ತದೆ. ಹೀಗಾಗಿ ಮಯೂರಶರ್ಮನು ಅಷ್ಟು ದಿನ ನಡೆದರೂ ಪೂರ್ವ ಸಮುದ್ರದ ನೀರಿನ ಸೀಮೆಯನ್ನು ಬಿಟ್ಟು ಹೊರಗೆ ಕಾಲಿಡಲಿಲ್ಲವೆನ್ನಬಹುದು. ಪಶ್ಚಿಮ ಸಮುದ್ರವು ಅವನ ಬೆನ್ನ ಹಿಂದೆ ಮೂರು ನಾಲ್ಕು ದಿನದ ದಾರಿಯಲ್ಲಿತ್ತು.

ಇದನ್ನೆಲ್ಲ ಕಾಣಲು ದೊಡ್ಡ ಉಪಕರಣವೇನೂ ಬೇಡ. ಕಾರಿನಲ್ಲಿ ದೂರಮಾಪಕವಿದೆ, ಜೇಬಿನಲ್ಲಿ ಒಂದು ನೋಟುಬುಕ್ಕು ಇದ್ದರೆ ಸಾಕು. ಹತ್ತು ಕಿಲೋಮೀಟರಿಗೊಮ್ಮೆ, ಸುರಕ್ಷಿತವಾದ ಜಾಗ ನೋಡಿ, ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ಕಾರನ್ನು ನಿಲ್ಲಿಸಬೇಕು. ಮಣ್ಣಿನ ಬಣ್ಣ, ಬೆಳೆ, ಹೆಚ್ಚಾಗಿರುವ ಮರ, ಮನೆಯ ಮಾಡು, ಹತ್ತಿರದ ಹಳ್ಳದ ನೀರು ಹರಿಯುವ ದಿಕ್ಕು, ಇಷ್ಟನ್ನು ಒಂದೊಂದು ಕಾಲಮ್ಮಿನಲ್ಲಿ ಬರೆಯಬೇಕು. ಹೊಲದಲ್ಲಿ ಯಾರಾದರೂ ಇದ್ದರೆ ಬಾವಿಯ ಆಳವನ್ನು ಕೇಳಬಹುದು. ಒಬ್ಬನೇ ಬಂದವನೊಡನೆ ಜನ ಸಲೀಸಾಗಿ ಮಾತಾಡುತ್ತಾರೆ. ಪರಿಸರ ವಿಜ್ಞಾನಿಗಳು ಒಂದು ಗೆರೆಯುದ್ದಕ್ಕೂ ನೆಲವನ್ನು ಪರೀಕ್ಷಿಸುವ ಕ್ರಮ ಇಂಥದೇ. ನೋಟುಬುಕ್ಕು ತುಂಬುವ ಈ ನಿಲುಗಡೆಗಳೇ ಕಣ್ಣಿಗೂ ಬೆನ್ನಿಗೂ ವಿಶ್ರಾಂತಿಯಾಗುತ್ತವೆ. ಕಂಚಿಯಿಂದ ತಾಳಗುಂದದವರೆಗೆ ಹೀಗೆ ಅರವತ್ತು ನಮೂದುಗಳಾಗುತ್ತವೆ; ದಿನಕ್ಕೆ ೧೫೦ ಕಿಲೋಮೀಟರಿನಂತೆ ನಾಲ್ಕು ದಿನ. ಐದನೆಯ ದಿನ ಬೆಳಕಿನಲ್ಲಿ ಸೊರಬವನ್ನು ಬಿಟ್ಟು ಸಿದ್ದಾಪುರದ ಮಾರ್ಗವಾಗಿ, ಶರಾವತಿಯು ೨೫೩ ಮೀಟರು ಕೆಳಗೆ ಧುಮುಕಿ ಹೊನ್ನಾವರದ ಕಡೆಗೆ ತಿರುಗುವ ಜೋಗಕ್ಕೆ ಹೊರಡಬಹುದು. ಘಟ್ಟವೂ ಇಲ್ಲ, ಫಲಕವೂ ಇಲ್ಲ, ಗಡಿಯ ಕಲ್ಲೂ ಇಲ್ಲ. ಆದರೂ ಜೋಗ ಮುಟ್ಟುವುದರೊಳಗೆ ನಾಲ್ಕೈದು ನಿಲುಗಡೆಗಳಲ್ಲಿ ಎಲ್ಲಿಯೋ ಒಂದು ಕಡೆ, ಅಷ್ಟು ದಿನ ಪೂರ್ವ, ಪೂರ್ವ ಎಂದು ಬರೆಯುತ್ತ ಬಂದ ಕೊನೆಯ ಕಾಲಮ್ಮಿನಲ್ಲಿ ಪಶ್ಚಿಮ ಎಂದು ಬರೆಯಬೇಕಾಗುತ್ತದೆ.